ಮೀಸೆ ತೆಗೆಸಿಕೊಂಡ ಅಸುರ

ಅಸುರನಿಗೆ ಮೀಸೆ ಬೇಡ ಎಂದು ಅನುಕೂಲ್‌ಬಾಬು ಹೇಳಿದ್ದೇ ಎಲ್ಲದಕ್ಕೂ ಮೂಲ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಹರಿ ಪಾಲಿತ್ ಗಲ್ಲಿಯ ಆ ವರ್ಷದ ದುರ್ಗಾಪೂಜೆಯೂ ಎಲ್ಲ ವರ್ಷಗಳ ಹಾಗೆ ಢಾಕು ಡೋಲು ಬಡಿದು, ಖಿಚುಡಿ ಉಂಡು, ದೇವಿಯನ್ನು ಗಂಗೆಗೆ ಬಿಟ್ಟು ಮುಗಿದುಹೋಗುತ್ತಿತ್ತು. ಆದರೆ ಬಾಯಿ ಮುಚ್ಚಿಕೊಂಡು ಇರುವ ವಿದ್ಯೆ ಸಮಾದ್ದಾರ್ ಮನೆತನದಲ್ಲಿ ಯಾರಿಗೂ ಹತ್ತಿದ್ದಿಲ್ಲ.

ಅನುಕೂಲ್ ಸಮಾದ್ದಾರ್ ಕಲ್ಕತ್ತೆಯ ಬಂದರು ಕಚೇರಿಯಲ್ಲಿ ಗುಮಾಸ್ತರು. ಅದು ಹೊಟ್ಟೆಪಾಡಿಗೆ. ಜೀವ ಇಟ್ಟುಕೊಂಡಿದ್ದು ಮಾತ್ರ ಮಹಿಷಾಸುರನ ಮೇಲೆ. ಪೂಜೆಯ ದಿನಗಳಲ್ಲಿ ಊರಿಗೆ ಊರೇ ಪೆಂಡಾಲಿನಿಂದ ಪೆಂಡಾಲಿಗೆ ಅಲೆದು ದೇವಿಯ ಮುಖ ನೋಡಿ ಕೈಮುಗಿದರೆ, ಇವರು ಮೊಣಕಾಲೂರಿ ಸಿಂಹದ ಹೊಟ್ಟೆಯ ಕೆಳಗೆ ಕ್ಯಾಮೆರಾ ತೂರಿಸಿ ಅಸುರನ ಫೋಟೋ ತೆಗೆಯುತ್ತಿದ್ದರು. ಹಿಂದಿನ ಸಾಲಿನವರು "ಏಳ್ರೀ ಮೇಲೆ, ಅಮ್ಮನ್ನ ನೋಡೋಣ" ಎಂದು ಗದರಿದರೂ ಕದಲುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ತೆಗೆದ ಚಿತ್ರಗಳ ಆಲ್ಬಮ್ಮಿನಲ್ಲಿ ದೇವಿಯ ಎಡಗಾಲಿನ ಹೆಬ್ಬೆರಳು ಬಿಟ್ಟರೆ ದೇವಿ ಎಲ್ಲೂ ಇರಲಿಲ್ಲ.

"ದೇವಿ ಮುಖ ನೋಡಿ ಏನ್ರೀ ತಿಳಿಯತ್ತೆ?" ಎಂದು ಅವರು ಸಿಕ್ಕವರನ್ನೆಲ್ಲ ಹಿಡಿದು ಕೇಳುತ್ತಿದ್ದರು. "ಅಮ್ಮನ ಮುಖ ಬದಲಾಯಿಸೋಕೆ ಯಾವ ಶಿಲ್ಪಿಗೂ ಧೈರ್ಯ ಇಲ್ಲ. ಅಪ್ಪ ಮಾಡಿದ್ದನ್ನೇ ಮಗ ಮಾಡ್ತಾನೆ. ಅವನಿಗೆ ಸ್ವಾತಂತ್ರ್ಯ ಅಂತ ಇದ್ರೆ ಅದು ಅಸುರನಲ್ಲಿ! ಬ್ರಿಟಿಷರ ಕಾಲದ ಅಸುರನಿಗೆ ಬೂಟು ಬಂತು. ಸಿನಿಮಾ ಬಂದಾಗ ಕೆನ್ನೆಗೂದಲು ಬಂತು. ಈಗ ನೋಡಿ, ಅಸುರ ಜಿಮ್ಮಿಗೆ ಹೋಗ್ತಾನೆ. ಬಂಗಾಳದ ಕಲೆಯ ಇತಿಹಾಸ ಬರೀಬೇಕಾದ್ರೆ ಮಣ್ಣಿಗೆ ಮಂಡಿಯೂರಿ, ಕೆಳಗಿನಿಂದ ಬರೀಬೇಕು!"

ಇಷ್ಟು ಹೇಳುವ ಹೊತ್ತಿಗೆ ಅವರ ಬಾಯಿ ಎಡಕ್ಕೆ ಸೊಟ್ಟಗಾಗಿರುತ್ತಿತ್ತು. ವಾದಕ್ಕಿಳಿದರೆ ಅವರ ತುಟಿ ಎಡಗಡೆಗೆ ಎಳೆದುಕೊಂಡು ಹೋಗುವುದು ಗಲ್ಲಿಗೆಲ್ಲ ಗೊತ್ತಿದ್ದ ವಿಷಯ. ತುಟಿ ಎಡಕ್ಕೆ ಹೊರಟಿತೆಂದರೆ ಜನ ಬಲಕ್ಕೆ ಹೊರಡುತ್ತಿದ್ದರು. ಮೀನಿನವನು ತೂಕ ಕೂಡ ಹಾಕದೆ ಮೀನು ಚೀಲಕ್ಕೆ ಹಾಕಿ ಕಳಿಸುತ್ತಿದ್ದ. ಕೇಳುವವನೆಂದು ಇದ್ದವನು ನಾನೊಬ್ಬ, ಆ ಗಲ್ಲಿಯ ಬಾಡಿಗೆದಾರ. ಮಹಿಷಾಸುರ ಮೂಲದಲ್ಲಿ ನಮ್ಮ ಮೈಸೂರಿನ ಕಡೆಯವನು ಎಂಬ ಅಭಿಮಾನ ನನ್ನದು. ನಮ್ಮಲ್ಲಿ ಬೆಟ್ಟದ ಮೇಲೆ ಅವನು ಒಬ್ಬನೇ, ತಲೆಯ ಮೇಲೆ ಯಾರ ಕಾಲೂ ಇಲ್ಲದೆ, ಕತ್ತಿ ಎತ್ತಿ ನಿಂತಿದ್ದಾನೆ ಎಂದು ಹೇಳಿದ ದಿನ ಅನುಕೂಲ್‌ಬಾಬು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ್ದರು.

ಆ ವರ್ಷ ಅವರಿಗೆ ಕೊನೆಗೂ ಕಾಲ ಕೂಡಿಬಂದಿತ್ತು. ಪಂಚಮಿಯ ಸಂಜೆ ಮೂರ್ತಿ ಸ್ಪರ್ಧೆಯ ತೀರ್ಪು ಕೊಡಲು ಡಾಕ್ಟರ್ ಹೈಮಂತಿ ತಲಾಪಾತ್ರ ಗಲ್ಲಿಗೆ ಬರುವವರಿದ್ದರು. ಕಲೆಯ ಇತಿಹಾಸವೆಂದರೆ ಆಕೆ, ಆಕೆಯೆಂದರೆ ಕಲೆಯ ಇತಿಹಾಸ. ಅನುಕೂಲ್‌ಬಾಬು ಸಂಘದ ಕಾರ್ಯದರ್ಶಿ ಭೊಂಬೊಲ್‌ನ ಬೆನ್ನು ಬಿದ್ದರು. ಅವನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಅಸುರನ ಬೂಟಿನ ಕತೆ ಹೇಳಿದರು. ಭೊಂಬೊಲ್ ಒದ್ದೆ ಮೈಯಲ್ಲೇ ಶರಣಾದ.

"ಹತ್ತು ನಿಮಿಷ, ಅನುಕೂಲ್‌ದಾ. ಹತ್ತೇ ಹತ್ತು ನಿಮಿಷ ಮೈಕ್ ಕೊಡ್ತೀನಿ. ಈಗ ಟವೆಲ್ ಕೊಡಿ."

ಹತ್ತು ನಿಮಿಷ! ಕೇಳದೆ ಓಡಿಹೋಗುತ್ತಿದ್ದ ಇಡೀ ಗಲ್ಲಿ ಕುರ್ಚಿ ಹಾಕಿಕೊಂಡು ಕೂತು ಕೇಳುವ ಹತ್ತು ನಿಮಿಷ. ಹೈಮಂತಿ ತಲಾಪಾತ್ರ ಮುಂದಿನ ಸಾಲಿನಲ್ಲಿ. ಅನುಕೂಲ್‌ಬಾಬು ಭಾಷಣದ ಮೊದಲ ಮಾತನ್ನು ಕನ್ನಡಿಯ ಮುಂದೆ ಸಾವಿರ ಸಲ ಹೇಳಿ ನೋಡಿಕೊಂಡಿದ್ದರು: "ಮಹನೀಯರೇ, ಅಸುರನ ಮುಖ ಯಾವ ಮನುಷ್ಯನ ಮುಖವೂ ಅಲ್ಲ, ಯಾವ ಶಿಲ್ಪಿಯೂ ಎಂದೂ ಬದುಕಿದ್ದವನೊಬ್ಬನ ಮುಖವನ್ನು ಅಸುರನಿಗೆ ಹಾಕಿಲ್ಲ, ಅದು ಒಂದು ಕಾಲದ ಭಯದ ಮುಖ!"

ಆ ಮಾತಿಗೆ ತಕ್ಕ ಅಸುರನೂ ಬೇಕಲ್ಲ? ಅದಕ್ಕಾಗಿ ಎರಡು ತಿಂಗಳ ಹಿಂದೆಯೇ ಅವರು ಮೂರ್ತಿ ಮಾಡುವವರ ಕೇರಿಯಾದ ಕುಮಾರಟುಲಿಗೆ ಹೋಗಿ, ತಲೆತಲಾಂತರದಿಂದ ಗಲ್ಲಿಗೆ ಮೂರ್ತಿ ಮಾಡಿಕೊಡುವ ಪಾಲ್ ಮನೆತನದ ಶ್ರೀದಾಮ್ ಪಾಲ್‌ನ ಎದುರು ಸ್ಟೂಲು ಹಾಕಿಕೊಂಡು ಕೂತಿದ್ದರು.

"ಮೀಸೆ ಬೇಡ. ಅದು ಪೊಲೀಸ್ ದರೋಗನಿಂದ ಬಂದದ್ದು. ಉದ್ದ ಕೂದಲು ಬೇಡ, ನಾಟಕದವರಿಂದ ಬಂದದ್ದು. ಕೋರೆಹಲ್ಲು ಬೇಡ, ಕ್ಯಾಲೆಂಡರಿನದು. ಹುಬ್ಬಿನ ಮೇಲೆ ಗಂಟು ಯಾಕೆ? ತೆಗಿ. ಹಸಿರು ಬಣ್ಣಾನೂ ಬೇಡ. ಎಲ್ಲಾ ತೆಗೆದು ಅಸಲಿ ಅಸುರನ್ನ ತೋರಿಸು ಶ್ರೀದಾಮ್."

ಶ್ರೀದಾಮ್ ಪಾಲ್ ಬೀಡಿ ಕಚ್ಚಿಕೊಂಡು ಅವರನ್ನೇ ನೋಡಿದ. ಅವನ ಕಣ್ಣಲ್ಲಿ ಒಂದು ಕಿಡಿಗೇಡಿತನ ಮಿನುಗಿತು. "ಎಲ್ಲಾ ತೆಗೆದ್ರೆ ಏನುಳಿಯತ್ತೆ ಬಾಬು?"

"ಸತ್ಯ ಉಳಿಯತ್ತೆ!"

"ಆಯ್ತಪ್ಪ. ಆಮೇಲೆ ನನ್ನ ಬೈಬಾರ್ದು."

ಪಂಚಮಿಯ ಬೆಳಿಗ್ಗೆ ಲಾರಿ ಗಲ್ಲಿಯ ಬಾಯಿಗೆ ಬಂದು ನಿಂತಿತು. ಢಾಕಿನವರು ಬಡಿಯತೊಡಗಿದರು. ಮೂರ್ತಿಗಳ ಮುಖಕ್ಕೆ ದಾರಿಯ ಧೂಳು ಬೀಳದಂತೆ ಹಳೆ ಪೇಪರ್ ಸುತ್ತಿತ್ತು. ಹುಡುಗರು ಹೋ ಎಂದು ಕೂಗುತ್ತ ಬಿದಿರಿಗೆ ಹೆಗಲು ಕೊಟ್ಟು ಪೆಂಡಾಲಿಗೆ ಹೊತ್ತು ತಂದರು. ಭೊಂಬೊಲ್ ಒಂದೊಂದೇ ಪೇಪರ್ ಬಿಚ್ಚಿದ. ಗಣೇಶ ಬಂದ. ಲಕ್ಷ್ಮಿ ಬಂದಳು. ಸರಸ್ವತಿ ಬಂದಳು. ನವಿಲೇರಿದ ಸುಂದರಾಂಗ ಕಾರ್ತಿಕ ಬಂದ. ದೇವಿಯ ಮುಖ ಬಿಚ್ಚಿದಾಗ ಹೆಂಗಸರು ಮಂಗಳಕ್ಕೆಂದು ಉಲೂಲೂ ಎಂದು ನಾಲಿಗೆ ಆಡಿಸಿದರು. ಕೊನೆಗೆ ಅಸುರ.

ಢಾಕು ನಿಂತಿತು. ಬಡಿಯುವವನ ಕೈ ಗಾಳಿಯಲ್ಲೇ ಉಳಿಯಿತು.

ಭೊಂಬೊಲ್ ಕೈಯಲ್ಲಿ ಪೇಪರ್ ಹಿಡಿದುಕೊಂಡೇ ಬಗ್ಗಿ, ಅಸುರನ ಮುಖವನ್ನು ಹತ್ತಿರದಿಂದ ನೋಡಿ, ಬಹಳ ಗೌರವದಿಂದ ಕೇಳಿದ: "ಅನುಕೂಲ್‌ದಾ, ನೀವು ಅಲ್ಲಿ ಏನ್ ಮಾಡ್ತಿದೀರಿ?"

ಅದೇ ಬೋಳು ಹಣೆ. ಅದೇ ಚಪ್ಪಟೆ ಮೂಗು. ಅದೇ ಜೋಲು ಕಿವಿ, ಗದ್ದದ ಮಧ್ಯೆ ಅದೇ ಹಳ್ಳ. ಬಾಯಂತೂ ಎಡಕ್ಕೆ ಸೊಟ್ಟಗಾಗಿ, ದೇವಿಯ ಶೂಲ ಎದೆಗೆ ನೆಟ್ಟಿದ್ದರೂ ಆಕೆಯ ಜೊತೆ ಯಾವುದೋ ವಾದ ಇನ್ನೂ ಮುಗಿಸಿಲ್ಲವೆಂಬಂತಿತ್ತು. ಕತ್ತಿನಿಂದ ಕೆಳಗೆ ಮಾತ್ರ ಕುಸ್ತಿ ಪೈಲ್ವಾನ.

ಆಮೇಲೆ ಗಲ್ಲಿ ಸಿಡಿಯಿತು. ಜನ ಬಿದ್ದು ಬಿದ್ದು ನಕ್ಕರು. ಮಿಠಾಯಿ ಅಂಗಡಿಯವನು ಜಿಲೇಬಿಯ ಬಾಣಲೆ ಬಿಟ್ಟು ಓಡಿಬಂದ. ಮಹಡಿಗಳಿಂದ ಕತ್ತುಗಳು ಇಳಿಬಿದ್ದವು. ಅನುಕೂಲ್‌ಬಾಬುವಿನ ಹೆಂಡತಿ ಸುರಮಾ ಪಡವಲಕಾಯಿ ಹೆಚ್ಚುತ್ತಿದ್ದ ಕೈಯಲ್ಲೇ ಬಂದು ಅಸುರನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಕೆಯ ಕಣ್ಣು ಆ ರಟ್ಟೆಗಳ ಮೇಲೆ ನಿಂತಿತು.

"ಇಷ್ಟು ದಪ್ಪ ತೋಳು ಇಟ್ಕೊಂಡು ಗ್ಯಾಸ್ ಸಿಲಿಂಡರ್ ಎತ್ತಿಡಿ ಅಂದ್ರೆ ಸೊಂಟ ನೋವು ಅಂತೀರಲ್ಲ!"

"ಸುರಮಾ, ಇದು ಹುಡುಗಾಟ ಅಲ್ಲ. ಆ ಶ್ರೀದಾಮ್ ನನ್ನನ್ನ ಅಣಕಿಸಿದಾನೆ. ಬೇಕೂಂತ್ಲೇ ನನ್ನ ಮುಖ ಮೆತ್ತಿದಾನೆ!"

"ಅಣಕ ಏನ್ ಬಂತು? ಪಾಪ, ಇದ್ದದ್ದಕ್ಕಿಂತ ಚೆನ್ನಾಗೇ ಮಾಡಿದಾನೆ," ಎಂದು ಸುರಮಾ ಹತ್ತಿರ ಹೋಗಿ ಅಸುರನ ಹೊಟ್ಟೆ ಎಷ್ಟು ಚಪ್ಪಟೆಯಾಗಿದೆಯೆಂದು ನೋಡಿದಳು.

ಅನುಕೂಲ್‌ಬಾಬು ಗಡಿಯಾರ ನೋಡಿಕೊಂಡರು. ನಗುವವರು ನಗಲಿ. ಆದರೆ ಸಂಜೆ ಏಳಕ್ಕೆ ಹೈಮಂತಿ ತಲಾಪಾತ್ರ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ತಾವು ಮೈಕ್ ಹಿಡಿದು, ಅಸುರನ ಮುಖ ಯಾವ ಮನುಷ್ಯನ ಮುಖವೂ ಅಲ್ಲ ಎನ್ನಬೇಕು. ಹಿಂದೆ ಅದೇ ಮೂಗು, ಅದೇ ಗದ್ದ! ಮೊದಲ ವಾಕ್ಯಕ್ಕೇ ಮೂಗೇ ಎದುರು ಸಾಕ್ಷಿ ಹೇಳಿದರೆ ಹತ್ತು ನಿಮಿಷ ತಗೊಂಡು ಏನು ಮಾಡುವುದು?

"ಭೊಂಬೊಲ್, ಮೀಸೆ ಹಚ್ಚಿಸು. ಕೂದಲು ಹಾಕಿಸು. ಕೋರೆಹಲ್ಲು, ಗಂಟು, ಬಣ್ಣ, ಎಲ್ಲಾ ಹಾಕಿಸು!"

"ದರೋಗನ ಮೀಸೆ ಅಲ್ವಾ ದಾದಾ ಅದು?"

"ದರೋಗನೂ ಮನುಷ್ಯನೇ ಕಣೋ!"

ಭೊಂಬೊಲ್ ಕೈಯೆತ್ತಿಬಿಟ್ಟ. ಕಣ್ಣು ಬರೆದಾದ ಮೇಲೆ ಮೂರ್ತಿಯನ್ನು ಶಿಲ್ಪಿ ಬಿಟ್ಟು ಇನ್ನೊಬ್ಬ ಮುಟ್ಟುವ ಹಾಗಿಲ್ಲ ಎಂದ. ಅದು ನೆಪ. ಅಷ್ಟರಲ್ಲೇ ಪಕ್ಕದ ಗಲ್ಲಿಯಿಂದ ಜನ ಬರತೊಡಗಿದ್ದರು. ಪಕ್ಕದ ಗಲ್ಲಿಯವರು ಬಿದಿರಿನಲ್ಲಿ ವಿದೇಶದ ಅರಮನೆ ಕಟ್ಟಿ ವರ್ಷವೂ ಬಹುಮಾನ ಹೊಡೆಯುತ್ತಿದ್ದರು. ಅವರ ಹತ್ತಿರ ಎಲ್ಲವೂ ಇತ್ತು, ಗಲ್ಲಿಯಲ್ಲಿ ಓಡಾಡುವ ಅಸುರ ಇರಲಿಲ್ಲ.

"ದಾದಾ, ನೀವು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಸುಮ್ನೆ ಕೂತಿದ್ರೆ ಸಾಕು. ಅಂಗಿ ತೆಗೀಬೇಕೂಂತ ಏನಿಲ್ಲ," ಎಂದ ಭೊಂಬೊಲ್. "ಈ ಸಲ ಬಹುಮಾನ ನಮ್ದೇ!"

ಅನುಕೂಲ್‌ಬಾಬು ಶ್ರೀದಾಮ್‌ಗೆ ಫೋನು ಮಾಡಿದರು. ಷಷ್ಠಿಯ ಹಿಂದಿನ ದಿನ ಫೋನು ಎತ್ತುವ ಶಿಲ್ಪಿ ಕುಮಾರಟುಲಿಯಲ್ಲಿ ಹುಟ್ಟಿಲ್ಲ. ಸರಿ, ಚಪ್ಪಲಿ ಮೆಟ್ಟಿ ನಡೆದೇ ಹೊರಟರು. ಕುಮಾರಟುಲಿಯ ಓಣಿಯಲ್ಲಿ ಎದುರಿನಿಂದ ಮೂರ್ತಿಗಳು ಬರುತ್ತಲೇ ಇದ್ದವು, ಇವರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಲೇ ಇದ್ದರು. ಒಂದು ಸಿಂಹದ ಬಾಲ ಅವರ ಅಂಗಿಯ ತೋಳು ಹರಿಯಿತು. ಬಣ್ಣ ಆರದ ಗಣೇಶನ ಇಲಿಯೊಂದು ಭುಜಕ್ಕೆ ಬಣ್ಣ ಬಳಿಯಿತು. ಹೊರುವವರು ಮಾತ್ರ ದಾಟುವಾಗೆಲ್ಲ ಇವರ ಮುಖ ನೋಡಿ, ಎಲ್ಲೋ ನೋಡಿದ ಹಾಗಿದೆಯಲ್ಲ ಎಂಬಂತೆ ಕತ್ತು ತಿರುಗಿಸುತ್ತಿದ್ದರು.

ಕಾರ್ಖಾನೆಯಲ್ಲಿ ಶ್ರೀದಾಮ್ ಇರಲಿಲ್ಲ. ಯಾವುದೋ ಪೆಂಡಾಲಿನಲ್ಲಿ ಗಣೇಶನ ಸೊಂಡಿಲು ಮುರಿದಿದೆಯೆಂದು ಬೆಳಿಗ್ಗೆಯೇ ಓಡಿದ್ದನಂತೆ. ಅವನ ಹೆಂಡತಿ ಕನಕ ಸೆಣಬಿನ ಕೂದಲಿಗೆ ಕಪ್ಪು ಬಣ್ಣ ಅದ್ದುತ್ತ ಕೂತಿದ್ದಳು. ತಲೆಯೆತ್ತಿ ಅನುಕೂಲ್‌ಬಾಬುವನ್ನು ನೋಡಿದವಳು ಕೂದಲನ್ನು ಬಣ್ಣದಲ್ಲೇ ಬಿಟ್ಟುಬಿಟ್ಟಳು.

"ಅಯ್ಯೋ! ನಿಮ್ಮನ್ನ ನಾನು ದಿನಾ ನೋಡ್ತೀನಲ್ಲಾ!"

"ನನ್ನನ್ನಾ? ಎಲ್ಲಿ?"

"ಅದೇ ಗೊತ್ತಾಗ್ತಿಲ್ಲ ನೋಡಿ. ಮದುವೆಯಾಗಿ ಬಂದಾಗಿಂದ ನೋಡ್ತಿದೀನಿ ಅನ್ಸತ್ತೆ."

ಪರಸ್ತ್ರೀಯೊಬ್ಬಳ ಬಾಯಿಂದ ಬಂದ ಆ ಮಾತು ಅನುಕೂಲ್‌ಬಾಬುವಿಗೆ ಇರುಸುಮುರುಸು ತಂದಿತು. ಹೆಚ್ಚು ಕೆದಕದೆ, ಇದ್ದದ್ದರಲ್ಲೇ ದೊಡ್ಡ ಮೀಸೆ, ಉದ್ದ ಕೂದಲಿನ ಟೋಪನ್ನು, ಒಂದು ಡಬ್ಬಿ ಗೋಂದು ಕೊಂಡು, ಸಂಜೆ ಶ್ರೀದಾಮ್ ಬಂದರೆ ಕೂಡಲೇ ಪೆಂಡಾಲಿಗೆ ಕಳಿಸು ಎಂದು ಹೇಳಿ ಬಂದ ದಾರಿ ಹಿಡಿದರು. ದಾರಿಯಲ್ಲಿ ಮತ್ತೆರಡು ಲಾರಿಗಳು ಅಡ್ಡ ನಿಂತು, ಗಲ್ಲಿ ಸೇರುವ ಹೊತ್ತಿಗೆ ದೀಪ ಹತ್ತಿತ್ತು.

ಅದೃಷ್ಟಕ್ಕೆ ಜನರೆಲ್ಲ ಪೆಂಡಾಲಿನ ಹೊರಗಿನ ವೇದಿಕೆಯ ಸುತ್ತ ಇದ್ದರು. ಭೊಂಬೊಲ್ ಮೈಕಿಗೆ "ಹಲೋ ಹಲೋ" ಎನ್ನುತ್ತಿದ್ದ. ಅನುಕೂಲ್‌ಬಾಬು ಹಿಂದಿನ ಪರದೆ ಎತ್ತಿ ಒಳಗೆ ನುಗ್ಗಿದರು. ಪೆಂಡಾಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪೀಠ ಹತ್ತಿ, ಸತ್ತ ಕೋಣವನ್ನು ದಾಟಿ, ಸಿಂಹದ ಪಂಜದ ಕೆಳಗೆ ತೂರಿ ಅಸುರನ ಮುಖಾಮುಖಿ ಕೂತರು. ಇಷ್ಟು ಹತ್ತಿರದಿಂದ ಅವನನ್ನು ನೋಡಿದ್ದು ಅದೇ ಮೊದಲು. ಅಸುರನೂ ಅವರನ್ನು ಹಾಗೇ ನೋಡುತ್ತಿದ್ದ.

"ಕ್ಷಮಿಸಪ್ಪ," ಎಂದರು. "ಈ ಹತ್ತು ನಿಮಿಷ ಮುಗೀಲಿ. ಆಮೇಲೆ ನಾನೇ ಬಂದು ಬೋಳಿಸ್ತೀನಿ."

ಕೂತದ್ದೇನೋ ಕೂತರು, ಕೈ ಸಾಲಲಿಲ್ಲ. ದೇವಿಯ ಹತ್ತು ಕೈ ತಲೆಯ ಮೇಲೆ ಬಿಡುವಾಗಿ ತೂಗುತ್ತಿದ್ದವು, ಇವರಿಗಿದ್ದದ್ದು ಎರಡೇ. ಒಂದರಲ್ಲಿ ಗೋಂದಿನ ಡಬ್ಬಿ. ಇನ್ನೊಂದು ಜಾರದಂತೆ ಸಿಂಹದ ಕಾಲು ಹಿಡಿದಿತ್ತು. ಕೂದಲಿನ ಟೋಪನ್ನನ್ನು ಎಲ್ಲಿಡುವುದೆಂದು ತೋಚದೆ ತಮ್ಮ ತಲೆಯ ಮೇಲೇ ಹಾಕಿಕೊಂಡರು. ಮೀಸೆಯ ಬೆನ್ನಿಗೆ ಗೋಂದು ಬಳಿದು, ಡಬ್ಬಿಯ ಮುಚ್ಚಳ ಹಾಕುವ ಮಟ್ಟಿಗೆ ಅದನ್ನು ಮೂಗಿನ ಕೆಳಗೆ ತುಟಿಯಿಂದ ಒತ್ತಿ ಹಿಡಿದರು. ಕುಮಾರಟುಲಿಯ ಗೋಂದು ಹುಣಸೆಬೀಜದ ಗಟ್ಟಿ ಗೋಂದು. ಗಂಗೆಯಲ್ಲಿ ಮುಳುಗಿಸಿದರೂ ಬಿಡದ ಗೋಂದು. ಮುಚ್ಚಳ ಹಾಕಿ ಮೀಸೆ ಎಳೆದುಕೊಂಡರೆ ಮೀಸೆ ಬರಲಿಲ್ಲ. ಜೋರಾಗಿ ಎಳೆದರು. ತುಟಿ ಬಂತು, ಮೀಸೆ ಬರಲಿಲ್ಲ.

ಅದೇ ಹೊತ್ತಿಗೆ ಪೆಂಡಾಲಿನ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು. ಢಾಕು ಗುಡುಗಿತು. ಮುಂದಿನ ಪರದೆ ಸರಿದು, ಭೊಂಬೊಲ್ "ದಯಮಾಡಿಸಬೇಕು ಮೇಡಂ" ಎನ್ನುತ್ತ, ಡಾಕ್ಟರ್ ಹೈಮಂತಿ ತಲಾಪಾತ್ರರನ್ನು ಒಳಗೆ ಕರೆತಂದ. ಹಿಂದೆ ಇಡೀ ಗಲ್ಲಿ.

ಪೀಠದ ಮೇಲೆ ಎರಡು ಅಸುರರಿದ್ದರು. ಒಬ್ಬ ಮಣ್ಣಿನವನು, ಬೋಳುತಲೆ, ಮೀಸೆಯಿಲ್ಲ. ಇನ್ನೊಬ್ಬ ಹರಿದ ಅಂಗಿಯವನು, ಬೆನ್ನುದ್ದ ಜಡೆಗೂದಲು, ಕಿವಿಯಿಂದ ಕಿವಿಗೆ ಮೀಸೆ, ಭುಜದ ಮೇಲೆ ಇಲಿಯ ಬಣ್ಣ. ಏನೋ ವಿವರಿಸಬೇಕೆಂದು ಅನುಕೂಲ್‌ಬಾಬು ಅವಸರದಲ್ಲಿ ಬಾಯಿ ತೆರೆದರು, ಬಾಯಿ ಎಡಕ್ಕೆ ಸೊಟ್ಟಗಾಯಿತು.

ಈ ಸಲ ಯಾರೂ ನಗಲಿಲ್ಲ. ಗುಂಪಿನಲ್ಲಿ ಯಾರೋ ಮೆಲ್ಲಗೆ, "ಹೋದ ವರ್ಷದ ಅಸುರ!" ಎಂದರು.

"ಅದರ ಹಿಂದಿನ ವರ್ಷದ್ದೂ!" ಎಂದರು ಇನ್ಯಾರೋ.

"ನಾನು ಚಿಕ್ಕವನಾಗಿದ್ದಾಗಿನದೂ ಇದೇ!" ಎಂದ ಮಿಠಾಯಿ ಅಂಗಡಿಯವನು.

ಹೈಮಂತಿ ಕನ್ನಡಕ ಸರಿಮಾಡಿಕೊಂಡರು. ಅನುಕೂಲ್‌ಬಾಬುವಿನ ಆಲ್ಬಮ್ಮು ಆಕೆಗೆಂದೇ ಮೇಜಿನ ಮೇಲೆ ಇಟ್ಟಿತ್ತು. ಅದನ್ನು ತೆರೆದು ಹಾಳೆ ಮಗುಚಿದರು. ಮುಖ ಎತ್ತಿ ಅನುಕೂಲ್‌ಬಾಬುವನ್ನು ನೋಡಿದರು, ಮತ್ತೆ ಮಗುಚಿದರು. ಪಾಲ್ ಮನೆತನದ ಮೂರ್ತಿ ಬಂದಲ್ಲೆಲ್ಲ, ಮೀಸೆಯ ಹಿಂದೆ, ಹಸಿರು ಬಣ್ಣದ ಹಿಂದೆ, ಬ್ರಿಟಿಷ್ ಬೂಟಿನ ಮೇಲೆ, ಈ ಮನುಷ್ಯನೇ ಸಾಲಾಗಿ ಕೂತಿದ್ದ.

"ನೀವು ಇಷ್ಟು ವರ್ಷ ನಿಮ್ಮದೇ ಮುಖದ ಫೋಟೋ ತೆಗೆದಿದೀರಿ," ಎಂದರು. "ನಿಮಗೇ ಗೊತ್ತಾಗ್ಲಿಲ್ವೇ?"

ಅನುಕೂಲ್‌ಬಾಬು ಮೀಸೆಯ ಒಳಗಿನಿಂದ ಏನೋ ಗೊಣಗಿದರು. ಅಷ್ಟರಲ್ಲಿ ಗುಂಪನ್ನು ಊರುಗೋಲಿನಿಂದ ಸರಿಸುತ್ತ ಖೆಂತಿಪಿಸಿ ಮುಂದೆ ಬಂದಳು. ಗಲ್ಲಿಗೆಲ್ಲ ಅತ್ತೆಯಂತಿದ್ದ ಹಣ್ಣು ಮುದುಕಿ. ಈಗಿರುವವರ ಅಪ್ಪಂದಿರ ಕಿವಿಯನ್ನೂ ಹಿಂಡಿದವಳು. ಬೋಳು ಅಸುರನ ಎದುರು ನಿಂತವಳೇ ಗಲ್ಲಕ್ಕೆ ಕೈ ಇಟ್ಟುಕೊಂಡಳು.

"ಅಯ್ಯೋ ಶಿವನೇ! ಇದು ನಮ್ಮ ತ್ರೈಲೋಕ್ಯದಾದಾ ಅಲ್ವೇನ್ರೋ! ಈ ಅನುಕೂಲನ ತಾತ! ಇಲ್ಲಿಗೆ ಬಂದು ಕೂತಿದಾನಾ ಇಷ್ಟು ದಿನ!"

"ಯಾರು ಪಿಸಿ? ಸರಿಯಾಗಿ ಹೇಳಿ," ಎಂದ ಭೊಂಬೊಲ್.

"ಇವನಂಗೇ ಅವನೂನೂ ಗುಮಾಸ್ತ, ಇವನಂಗೇ ಬಾಯಿ. ದಿನಾ ಕುಮಾರಟುಲಿಗೆ ಹೋಗಿ, ಮೂಗು ಹಂಗಲ್ಲ ಕಿವಿ ಹಿಂಗಲ್ಲ ಅಂತ ಪಾಲನ ತಲೆ ತಿಂತಿದ್ದ. ಒಂದಿನ ಹುಬ್ಬಿಗೆಲ್ಲ ಸುಣ್ಣ ಮೆತ್ಕೊಂಡು ಬಂದ. 'ಖೆಂತಿ, ನನ್ ಮುಖದ ಅಚ್ಚು ತಗೊಂಡಿದಾರೆ ಕಣೇ, ಈ ವರ್ಷದ ಕಾರ್ತಿಕ ನಾನೇ' ಅಂತ ಗಲ್ಲಿಗೆಲ್ಲ ಡಂಗುರ ಹೊಡ್ದ. ಪೂಜೆ ದಿನ ನಾವೆಲ್ಲ ಓಡಿಹೋಗಿ ಕಾರ್ತಿಕನ್ನ ನೋಡ್ತೀವಿ, ಇವನಿಲ್ಲ! ಗಣೇಶನಲ್ಲಂತೂ ಇರೋಕಾಗಲ್ಲ. ಪಾಲ ಮೋಸ ಮಾಡ್ದ ಅಂತ ಸಾಯೋವರ್ಗೂ ಬೈತಿದ್ದ. ಕೆಳಗೆ ಯಾರೂ ಬಗ್ಗಿ ನೋಡ್ಲೇ ಇಲ್ವಲ್ಲಪ್ಪ!"

ಹೈಮಂತಿ ತಲಾಪಾತ್ರ ಸಂತೋಷದಿಂದ ಕೂಗಿಯೇಬಿಟ್ಟರು. ಅಷ್ಟು ಓದಿದ ಹೆಂಗಸು ಚಪ್ಪಾಳೆ ತಟ್ಟಿ ಕುಣಿಯುವುದನ್ನು ಗಲ್ಲಿ ಆವರೆಗೆ ನೋಡಿರಲಿಲ್ಲ. "ಇಷ್ಟು ವರ್ಷ ಒಬ್ಬ ಗುಮಾಸ್ತನ ಮುಖವನ್ನ ಇಡೀ ಊರು ಸಿಂಹದ ಕೆಳಗೆ ನೋಡಿದೆ, ಒಬ್ಬ ಇತಿಹಾಸಕಾರನಿಗೂ ಕಂಡಿಲ್ಲ! ನನಗೂ ಕಂಡಿಲ್ಲ! ಇದನ್ನ ನಾನು ಪುಸ್ತಕ ಮಾಡ್ತೀನಿ!"

ಈ ಹೊತ್ತಿಗೆ ಸುರಮಾ ಸಾಸಿವೆ ಎಣ್ಣೆ ತಂದು ಗಂಡನ ತುಟಿಗೆ ತಿಕ್ಕಿ ಮೀಸೆ ಕಿತ್ತಳು. ಸೆಣಬಿನ ಮೀಸೆಯ ಜೊತೆ ತುಟಿಯ ಚರ್ಮವೂ ಒಂದಿಷ್ಟು ಬಂತು. ಬಾಯಿ ಬಿಡುಗಡೆಯಾದದ್ದೇ ಅನುಕೂಲ್‌ಬಾಬು, "ಮೇಡಂ, ಆ ಪುಸ್ತಕ ನಾನು... ನನ್ನ ಹತ್ತು ನಿಮಿಷ..." ಎಂದರು.

"ನೀವು ಹೇಗೆ ಬರೀತೀರಿ? ನೀವೇ ಸಾಮಗ್ರಿ," ಎಂದರು ಹೈಮಂತಿ ಬಹಳ ಪ್ರೀತಿಯಿಂದ. "ಮುಖಪುಟಕ್ಕೆ ನಿಮ್ಮದೇ ಫೋಟೋ. ಮಾತಿಗೆ ಆಮೇಲೆ ಮೈಕ್ ಕೊಡಿಸ್ತೀನಿ. ಮೊದಲು ಆ ಹಳೆ ಅಚ್ಚು ಎಲ್ಲಿ?"

ಅಚ್ಚು ಬಂತು. ಹೆಂಡತಿ ಹೇಳಿ ಕಳಿಸಿದ್ದಕ್ಕೆ ಶ್ರೀದಾಮ್ ಪಾಲ್ ಚೀಲ ಹೆಗಲಿಗೆ ಹಾಕಿಕೊಂಡು ಆಗಷ್ಟೇ ಬಂದಿದ್ದ. ಅದನ್ನು ಕೇಳಿಯೇ ಕೇಳುತ್ತಾರೆಂದು ಜೊತೆಗೇ ತಂದಿದ್ದವನು, ನಗು ತಡೆದುಕೊಳ್ಳುತ್ತ ಚೀಲದಿಂದ ಬಟ್ಟೆ ಸುತ್ತಿದ ಅಚ್ಚು ತೆಗೆದ. ಈ ಸಲದ ಅಸುರನನ್ನು ತೆಗೆಯುವಾಗಲೇ ಅದು ಹಣೆಯಿಂದ ಗದ್ದದವರೆಗೆ ಸೀಳಿತ್ತು.

"ನಿನಗೆ ಗೊತ್ತಿತ್ತಲ್ವೇನೋ ದ್ರೋಹಿ!" ಎಂದರು ಅನುಕೂಲ್‌ಬಾಬು.

"ಸ್ಟೂಲು ಹಾಕ್ಕೊಂಡು ಕೂತ ದಿನಾನೇ ಗೊತ್ತಾಯ್ತು ಬಾಬು. ಬೈಬಾರ್ದು ಅಂತ ಅವತ್ತೇ ಹೇಳಿದ್ನಲ್ಲ?"

ಹೈಮಂತಿಗೆ ಒಂದು ಕ್ಷಣವೂ ತಡೆಯಲಾಗಲಿಲ್ಲ. ಬದುಕಿರುವ ಮುಖದ ಅಚ್ಚು ಇಲ್ಲೇ, ಈಗಲೇ, ಎಲ್ಲರ ಎದುರು ತೆಗೆಯಬೇಕು, ಹಳೆಯದರ ಪಕ್ಕ ಇಟ್ಟು ತೋರಿಸಬೇಕು ಎಂದರು. ಶ್ರೀದಾಮ್ ಚೀಲದಲ್ಲಿ ಸೊಂಡಿಲು ಕೂಡಿಸಿ ಉಳಿದ ಪ್ಲಾಸ್ಟರ್ ಇತ್ತು. ಅನುಕೂಲ್‌ಬಾಬು ಖಡಾಖಂಡಿತವಾಗಿ ಆಗುವುದಿಲ್ಲ ಎಂದರು. ಆಗ ಶ್ರೀದಾಮ್ ಅವರ ಕಿವಿಯ ಹತ್ತಿರ ಬಗ್ಗಿದ.

"ನೀಟಾಗಿ ಬಂದ್ರೆ ಮುಂದಿನ ವರ್ಷ ಕಾರ್ತಿಕನಿಗೆ ಹಾಕ್ತೀನಿ ಬಾಬು."

"ಕಾರ್ತಿಕನಿಗಾ?" ಎಂದರು ಅನುಕೂಲ್‌ಬಾಬು. ಜೀವಮಾನವಿಡೀ ಅಸುರನೇ ದೊಡ್ಡವನೆಂದು ವಾದಿಸಿದ ಮನುಷ್ಯ ಒಂದು ಸಲ ನವಿಲಿನ ಕಡೆ ಕಣ್ಣು ಹಾಯಿಸಿದರು. ಕೈ ತಾನಾಗಿ ಕೆನ್ನೆ ಸವರಿತು. "ನವಿಲು ಸ್ವಲ್ಪ ದೊಡ್ಡದು ಮಾಡ್ತೀಯಾ?"

ವೇದಿಕೆಯ ಮೇಲೆ ಮೇಜು ಹಾಕಿ ಅವರನ್ನು ಅಂಗಾತ ಮಲಗಿಸಿದರು. ಮೂಗಿನ ಹೊಳ್ಳೆಗೆ ಎಳನೀರಿನ ಕೊಳವೆ. ಮುಖಕ್ಕೆ ಎಣ್ಣೆ, ಅದರ ಮೇಲೆ ತಣ್ಣನೆಯ ಪ್ಲಾಸ್ಟರ್. ಗಲ್ಲಿಗೆ ಗಲ್ಲಿಯೇ ಕುರ್ಚಿ ಹಾಕಿಕೊಂಡು, ಉಸಿರು ಬಿಗಿಹಿಡಿದು ಕೂತಿತ್ತು. ಮೈಕ್ ಮುಂದೆ ಹೈಮಂತಿ ನಿಂತರು.

"ಸ್ವಲ್ಪ ಹೊತ್ತು ತುಟಿ ಪಿಟಕ್ ಅನ್ಬೇಡಿ," ಎಂದು ಶ್ರೀದಾಮ್ ಕೊನೆಯ ಪದರ ಬಳಿಯುತ್ತ ಪಿಸುಗುಟ್ಟಿದ. "ನಿಮ್ಮ ತಾತನಿಗೂ ಕಾರ್ತಿಕ ಅಂತಾನೇ ಹೇಳಿ ಮಲಗಿಸಿದ್ರಂತೆ, ಮೋಸ ಏನಿಲ್ಲ. ಪುಣ್ಯಾತ್ಮ ಅರ್ಧದಲ್ಲಿ, ಪ್ಲಾಸ್ಟರ್ ತೆಳ್ಳಗಾಯ್ತು ಅಂತ ಬುದ್ಧಿ ಹೇಳೋಕೆ ಬಾಯಿ ತೆಗೆದ್ರಂತೆ. ಎಡಗಡೆ ಸೊಟ್ಟ ಆಯ್ತು. ಸೊಟ್ಟ ಬಾಯಿ ಕಾರ್ತಿಕನಿಗೆ ಆಗತ್ತಾ? ಅದಕ್ಕೇ ಅಸುರನಿಗೆ ಹಾಕಿದ್ದು."

ಪ್ಲಾಸ್ಟರಿನ ಕೆಳಗೆ ಅನುಕೂಲ್‌ಬಾಬುವಿನ ಮೈ ಜುಮ್ಮೆಂದಿತು. ಆ ಸೊಟ್ಟ ಬಾಯಿ! ಫೋಟೋಗಳಲ್ಲಿ ಕಂಡ ಅದನ್ನು ಅವರು ಇಷ್ಟು ವರ್ಷ ಬರಗಾಲದ ಹಸಿವಿನ ಕೂಗು ಎಂದುಕೊಂಡಿದ್ದರು. ಅದಲ್ಲ! ಇಡೀ ಪ್ರಪಂಚದಲ್ಲಿ ಈ ಸತ್ಯ ತಿಳಿದ ವಿದ್ವಾಂಸ ಅವರೊಬ್ಬರೇ!

ಹೊರಗೆ ಹೈಮಂತಿಯ ದನಿ ಗಲ್ಲಿಯ ಉದ್ದಕ್ಕೂ ಮೊಳಗುತ್ತಿತ್ತು. ದೇವಿಯ ಮುಖದಲ್ಲಿ ಶಿಲ್ಪಿಗೆ ಸ್ವಾತಂತ್ರ್ಯವಿಲ್ಲ, ಅಸುರನಲ್ಲಿ ಇದೆ ಎಂದರು. ಚಪ್ಪಾಳೆ. ಕಲೆಯ ಇತಿಹಾಸವನ್ನು ಮಂಡಿಯೂರಿ ಕೆಳಗಿನಿಂದ ಬರೆಯಬೇಕು ಎಂದರು. ಇನ್ನೂ ದೊಡ್ಡ ಚಪ್ಪಾಳೆ. ಮೀನಿನವನು ಶಿಳ್ಳೆ ಹಾಕಿದ. ಅಕ್ಷರಕ್ಷರವೂ ಅನುಕೂಲ್‌ಬಾಬುವಿನ ಮಾತೇ! ಯಾರೂ ಎದ್ದು ಓಡುತ್ತಿರಲಿಲ್ಲ. ಅವರ ಕಣ್ಣಿನ ಕೊನೆಯಲ್ಲಿ ನೀರು ಜಿನುಗಿ ಪ್ಲಾಸ್ಟರಿಗೆ ಸೇರಿತು. ಸುಮ್ಮನಿದ್ದರು. ನಿಜಕ್ಕೂ, ಹುಟ್ಟಿದಂದಿನಿಂದ ಮೊದಲ ಬಾರಿಗೆ ಸುಮ್ಮನಿದ್ದರು.

"ಇನ್ನು ಆ ಬಾಯಿ ನೋಡಿ," ಎಂದರು ಹೈಮಂತಿ. "ಎಡಕ್ಕೆ ಸೊಟ್ಟಗಾದ ಆ ಬಾಯಿ! ಅದು ಬ್ರಿಟಿಷ್ ದೊರೆಗಳ ಮುಂದೆ ಒಬ್ಬ ಬಡ ಗುಮಾಸ್ತ ನಕ್ಕ ವ್ಯಂಗ್ಯದ ನಗೆ! ಇದರಲ್ಲಿ ಎರಡು ಮಾತಿಲ್ಲ!"

ಮೇಜಿನ ಮೇಲೆ ಅನುಕೂಲ್‌ಬಾಬುವಿನ ಬೆರಳು ಎದ್ದಿತು.

"ಬಾಬು, ಬೇಡ," ಎಂದ ಶ್ರೀದಾಮ್. "ನವಿಲು ನೆನಪಿಸಿಕೊಳ್ಳಿ."

"ಅದು ಪ್ರತಿಭಟನೆ!" ಎಂದರು ಹೈಮಂತಿ.

ಕಾಲು ಒದರಿತು. ಸುರಮಾ ಮುಂದಿನ ಸಾಲಿನಿಂದ, "ರೀ, ಸುಮ್ನಿರ್ರೀ, ಇನ್ನೊಂದು ಗಳಿಗೆ!" ಎಂದು ಕೂಗಿದಳು. ಖೆಂತಿಪಿಸಿ ಊರುಗೋಲು ಕುಟ್ಟಿದಳು. ಗಲ್ಲಿಯ ಮಂದಿಯೆಲ್ಲ ಎದ್ದು ನಿಂತಿದ್ದರು.

"ಎರಡು ಮಾತಿಲ್ಲ!" ಎಂದು ಹೈಮಂತಿ ಮತ್ತೊಮ್ಮೆ ಹೇಳಿದರು.

"ಅದಲ್ಲಾ..." ಎಂದು ಪ್ಲಾಸ್ಟರಿನ ಆಳದಿಂದ ಒಂದು ದನಿ ಬಂತು.

ಶ್ರೀದಾಮ್ ಪಾಲ್ ನಿಟ್ಟುಸಿರು ಬಿಟ್ಟು, ಒಣಗುವವರೆಗೆ ಕಾದು, ಅಚ್ಚನ್ನು ಎತ್ತಿ ದೀಪಕ್ಕೆ ಹಿಡಿದ. ಹಣೆ ಚೆನ್ನಾಗಿ ಬಂದಿತ್ತು. ಮೂಗು, ಕಿವಿ, ಗದ್ದದ ಹಳ್ಳ ಎಲ್ಲವೂ ಕಡೆದಿಟ್ಟ ಹಾಗಿದ್ದವು. ಬಾಯಿ ಎಡಕ್ಕೆ ಹೋಗಿತ್ತು. ಹೈಮಂತಿ ಎರಡೂ ಅಚ್ಚುಗಳನ್ನು ಅಕ್ಕಪಕ್ಕ ಎತ್ತಿ ಹಿಡಿದು, "ನೋಡಿ, ಅದೇ ಪ್ರತಿಭಟನೆ!" ಎಂದಾಗ ಗಲ್ಲಿ ಕಿವಿ ಕಿತ್ತುಹೋಗುವ ಹಾಗೆ ಚಪ್ಪಾಳೆ ತಟ್ಟಿತು. ಭೊಂಬೊಲ್ ಮೈಕ್ ಕಿತ್ತುಕೊಂಡು, ಮೊದಲ ಬಹುಮಾನ ಹರಿ ಪಾಲಿತ್ ಗಲ್ಲಿಗೆ ಎಂದು ಸಾರಿ, ಖುಷಿಯಲ್ಲಿ ಅದರ ತಂತಿಯನ್ನೂ ಕಿತ್ತ. ಮೈಕ್ ಸತ್ತಿತು.

ಅನುಕೂಲ್‌ಬಾಬು ಎದ್ದು ಕೂತು, ಹುಬ್ಬಿನ ಸುಣ್ಣ ಒರೆಸಿಕೊಳ್ಳುತ್ತ, "ಅದು ಪ್ರತಿಭಟನೆ ಅಲ್ಲ ಕಣ್ರೀ, ನಮ್ಮ ತಾತ ಮಾತಾಡಿದ್ದು," ಎಂದು ಹೇಳತೊಡಗಿದರು. ಅವರ ತುಟಿ ಎಡಕ್ಕೆ ಹೊರಟಿದ್ದನ್ನು ಕಂಡು ಜನ ಬಲಕ್ಕೆ ಹೊರಟರು. ಶ್ರೀದಾಮ್ ಹೊಸ ಅಚ್ಚನ್ನು ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

"ಇನ್ನು ಎಪ್ಪತ್ತು ವರ್ಷಕ್ಕೆ ಅಸುರನ ಚಿಂತೆ ಇಲ್ಲ ಬಾಬು," ಎಂದು ಹೇಳಿ, ಬೀಡಿ ಹಚ್ಚಿ ಹೊರಟುಹೋದ.